ಡ್ರೈ ನೀಡ್ಲಿಂಗ್: ಯಾರ ಸೊಂಟ ನೋವಿಗೆ ಸೂಜಿ ಹಿಡಿಸುತ್ತೆ ಅಂತ ಮೊದಲೇ ಹೇಳೋಕಾಗುತ್ತಾ?

ಕುರ್ಚಿ, ಮಾನಿಟರ್ ಎತ್ತರದ ಬಗ್ಗೆ ಮಾಡಿದ್ದ ವಿಡಿಯೋ ಆದ್ಮೇಲೆ ತುಂಬಾ ಪ್ರಶ್ನೆಗಳು ಬಂದವು. ಅದರಲ್ಲಿ ಒಂದು ಮಾತ್ರ ತಲೆಯಲ್ಲಿ ಕೂತುಬಿಡ್ತು. ಹೈದರಾಬಾದಿನ ಗಚ್ಚಿಬೌಲಿಯಲ್ಲಿರೋ ನಮ್ಮ ವೀಕ್ಷಕರೊಬ್ಬರು ಕೇಳಿದ್ರು: "ಸೊಂಟ ನೋವಿಗೆ ಫಿಸಿಯೋ ಹತ್ರ ಹೋಗಿದ್ದೆ. ಬೋರಲಾಗಿ ಮಲಗಿಸಿ, ಒಂದು ಕೈ ಎತ್ತಿಸಿ, ನೋವಾಗುತ್ತಾ ಅಂತ ಕೇಳಿದ್ರು. ಹೌದು ಅಂದೆ. ಹಾಗಾದ್ರೆ ನಿಮಗೆ ಡ್ರೈ ನೀಡ್ಲಿಂಗ್ ಚೆನ್ನಾಗಿ ಕೆಲಸ ಮಾಡುತ್ತೆ, ರಿಸರ್ಚ್ ಇದೆ ಅಂದ್ರು. ಹತ್ತು ಸಿಟ್ಟಿಂಗ್ ಪ್ಯಾಕೇಜು, ಹದಿನೈದು ಸಾವಿರ. ಕಟ್ಟಲಾ?"

ನಾನು ಡಾಕ್ಟರ್ ಅಲ್ಲ, ಫಿಸಿಯೋನೂ ಅಲ್ಲ. ಎಂಟೆಕ್ ಮುಗಿಸಿ ಪುಣೆಗೆ ಬಂದು ಹತ್ತು ವರ್ಷದಿಂದ ಕೋಡ್ ಬರೀತಿರೋನು. ಆದರೆ ನನ್ನ ಹೊಟ್ಟೆಪಾಡೇ ಮುನ್ಸೂಚನೆ. ಯಾವ ಗ್ರಾಹಕರಿಗೆ ಯಾವ ಆಫರ್ ಕಳಿಸಬೇಕು ಅಂತ ಹೇಳೋ ಮಾಡೆಲ್ ಕಟ್ಟೋದು. "ನಿಮಗೆ ಇದು ಕೆಲಸ ಮಾಡುತ್ತೆ" ಅನ್ನೋ ಮಾತು ಕೇಳಿದ ತಕ್ಷಣ ನನ್ನ ಮನಸ್ಸಿಗೆ ಬರೋ ಪ್ರಶ್ನೆ, "ಯಾವುದಕ್ಕೆ ಹೋಲಿಸಿ?" ಇವತ್ತಿನ ಮಾತೆಲ್ಲ ಆ ಒಂದು ಪ್ರಶ್ನೆ ಮೇಲೇ.

ಮೊದಲು ಡ್ರೈ ನೀಡ್ಲಿಂಗ್ ಅಂದ್ರೇನು ಅಂತ ಬೇಗ ನೋಡೋಣ. ಅಕ್ಯುಪಂಕ್ಚರ್‌ನಲ್ಲಿ ಬಳಸೋ ಥರದ್ದೇ ತೆಳು ಸೂಜಿ. ಇಂಜೆಕ್ಷನ್ ಸೂಜಿ ಹಾಗೆ ಒಳಗೆ ಟೊಳ್ಳಿಲ್ಲ, ಔಷಧ ಏನೂ ಹೋಗಲ್ಲ, ಅದಕ್ಕೇ "ಡ್ರೈ". ಅಕ್ಯುಪಂಕ್ಚರ್ ಚೀನಾದ ನಾಡಿಮಾರ್ಗಗಳ ಲೆಕ್ಕದಲ್ಲಿ ಚುಚ್ಚುತ್ತೆ, ಇದು ಸ್ನಾಯುವಿನಲ್ಲಿ ಗಂಟು ಕಟ್ಟಿದ ಹಾಗೆ ಸಿಗೋ ನೋವಿನ ಜಾಗಕ್ಕೆ, ಅಂದರೆ ಟ್ರಿಗರ್ ಪಾಯಿಂಟ್‌ಗೆ ಚುಚ್ಚುತ್ತೆ. ಆ ಟ್ರಿಗರ್ ಪಾಯಿಂಟ್ ಅನ್ನೋ ಮಾತನ್ನ ಮನೆಮಾತು ಮಾಡಿದ್ದು ಅಮೆರಿಕದ ಡಾಕ್ಟರ್ ಜಾನೆಟ್ ಟ್ರಾವೆಲ್. ಅಧ್ಯಕ್ಷ ಕೆನಡಿಯ ಬೆನ್ನು ನೋವು ನೋಡಿಕೊಳ್ತಿದ್ದವರು ಅವರೇ. ಅವರು ಹೆಚ್ಚಾಗಿ ಔಷಧ ತುಂಬಿದ ಇಂಜೆಕ್ಷನ್ ಕೊಡ್ತಿದ್ದರು. 1979ರಲ್ಲಿ ಜೆಕ್ ವೈದ್ಯ ಕಾರೆಲ್ ಲೆವಿಟ್ ಒಂದು ಲೇಖನ ಬರೆದರು: ಔಷಧ ಬೇಕಾಗಿಲ್ಲ, ಸೂಜಿನೇ ಸಾಕು ಅಂತ. 241 ರೋಗಿಗಳು, 312 ನೋವಿನ ಜಾಗಗಳು, ಅದರಲ್ಲಿ ಶೇ. 86.8ರಷ್ಟು ಕಡೆ ತಕ್ಷಣ ನೋವು ಇಳೀತು ಅಂತ ವರದಿ. ಈ 86.8 ಅನ್ನೋ ಸಂಖ್ಯೆ ನೆನಪಿಟ್ಕೊಳ್ಳಿ. ಅದರ ಪಕ್ಕದಲ್ಲಿ ಇರಬೇಕಾದ ಇನ್ನೊಂದು ಸಂಖ್ಯೆ ಇಲ್ಲ.

ಸರಾಸರಿಯಲ್ಲಿ ನೋಡಿದ್ರೆ ಸೂಜಿ ಕೆಲಸ ಮಾಡುತ್ತಾ? ದೊಡ್ಡವರಲ್ಲೇ ಒಮ್ಮತ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಸೊಂಟ ನೋವಿಗೆ ಮಾರ್ಗಸೂಚಿ ತಂತು. ಅದರಲ್ಲಿ ಅಕ್ಯುಪಂಕ್ಚರ್, ಡ್ರೈ ನೀಡ್ಲಿಂಗ್ ಎರಡಕ್ಕೂ ಷರತ್ತಿನ ಒಪ್ಪಿಗೆ ಇದೆ. ಸೊಂಟದ ಬೆಲ್ಟು, ಟ್ರ್ಯಾಕ್ಷನ್, ಅಲ್ಟ್ರಾಸೌಂಡ್ ಚಿಕಿತ್ಸೆ ಇವಕ್ಕೆಲ್ಲ ಬೇಡ ಅಂದಿದೆ. (ನಮ್ಮ ಏರಿಯಾದ ಕ್ಲಿನಿಕ್ಕುಗಳಲ್ಲಿ ಮೊದಲ ದಿನವೇ ಹಚ್ಚೋದು ಈ ಮೂರನ್ನೇ, ಅದು ಬೇರೆ ಮಾತು.) ಆ ಕಡೆ ಇಂಗ್ಲೆಂಡಿನ ನೈಸ್ ಸಂಸ್ಥೆ 2016ರಲ್ಲೇ ಸೊಂಟ ನೋವಿಗೆ ಅಕ್ಯುಪಂಕ್ಚರ್ ಕೊಡಬೇಡಿ ಅಂತ ಬರೆದಿದೆ. ಒಟ್ಟಾರೆ ಸರಾಸರಿ ಲಾಭ ಇದ್ದರೂ ಅಂಥ ದೊಡ್ಡದೇನಲ್ಲ.

ಇಲ್ಲೇ ಒಂದು ಆಸೆ ಹುಟ್ಟುತ್ತೆ. ಸರಾಸರಿ ಚಿಕ್ಕದಿರಬಹುದು, ಆದರೆ ಅದರೊಳಗೆ ಕೆಲವರಿಗೆ ಭಾರೀ ಲಾಭ, ಉಳಿದವರಿಗೆ ಸೊನ್ನೆ ಇದ್ದರೆ? ಆ ಕೆಲವರನ್ನ ಮೊದಲೇ ಗುರುತಿಸಿದ್ರೆ ಅವರಿಗಷ್ಟೇ ಸೂಜಿ, ಉಳಿದವರಿಗೆ ದುಡ್ಡೂ ಉಳೀತು, ಚುಚ್ಚಿಸ್ಕೊಳ್ಳೋದೂ ತಪ್ಪಿತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2020ರಲ್ಲಿ ಜಗತ್ತಿನ 61.9 ಕೋಟಿ ಜನಕ್ಕೆ ಸೊಂಟ ನೋವಿತ್ತು. ಅಷ್ಟು ಜನರಲ್ಲಿ ಯಾರಿಗೆ ಏನು ಅಂತ ವಿಂಗಡಿಸೋಕೆ ಆದ್ರೆ ನಿಜಕ್ಕೂ ದೊಡ್ಡ ಕೆಲಸವೇ.

ಆ ಫಿಸಿಯೋ ಹೇಳಿದ "ರಿಸರ್ಚ್" ಸುಳ್ಳಲ್ಲ. 2015ರಲ್ಲಿ ಶೇನ್ ಕೊಪೆನ್‌ಹೇವರ್ ಮತ್ತು ಅಮೆರಿಕದ ಸಂಗಡಿಗರು ಮಾಡಿದ ಅಧ್ಯಯನ ಅದು. ಸೊಂಟ ನೋವಿದ್ದ 72 ಜನ. ಸೂಜಿಗೆ ಮೊದಲು ಎಲ್ಲರಿಗೂ ಉದ್ದದ ಪ್ರಶ್ನಾವಳಿ, ದೈಹಿಕ ಪರೀಕ್ಷೆ. ಆಮೇಲೆ ಬೆನ್ನೆಲುಬಿಗೆ ಅಂಟಿಕೊಂಡೇ ಇರೋ ಮಲ್ಟಿಫಿಡಸ್ ಅನ್ನೋ ಒಳಸ್ನಾಯುವಿಗೆ ಡ್ರೈ ನೀಡ್ಲಿಂಗ್. ಒಂದು ವಾರ ಬಿಟ್ಟು ಆಸ್ವೆಸ್ಟ್ರಿ ಅಂಕ ಎಷ್ಟು ಇಳಿದಿದೆ ಅಂತ ಲೆಕ್ಕ. ಈ ಆಸ್ವೆಸ್ಟ್ರಿ ಅಂದ್ರೆ ಹತ್ತು ಪ್ರಶ್ನೆಗಳ ಚೀಟಿ: ಕೂರೋಕೆ, ನಿಲ್ಲೋಕೆ, ಭಾರ ಎತ್ತೋಕೆ, ನಿದ್ದೆ ಮಾಡೋಕೆ ಎಷ್ಟು ಕಷ್ಟ ಅಂತ. ನೂರಕ್ಕೆ ಅಂಕ, ಜಾಸ್ತಿ ಬಂದಷ್ಟೂ ಕೆಟ್ಟದ್ದು. ಸುಧಾರಣೆಯ ಜೊತೆ ಎಲ್ಲಕ್ಕಿಂತ ಗಟ್ಟಿಯಾಗಿ ತಳುಕು ಹಾಕಿಕೊಂಡ ಲಕ್ಷಣ ಮಲ್ಟಿಫಿಡಸ್ ಲಿಫ್ಟ್ ಟೆಸ್ಟ್‌ನಲ್ಲಿ ನೋವು ಬರೋದು. ಬೋರಲಾಗಿ ಮಲಗಿ ಒಂದು ಕೈಯನ್ನ ಸ್ವಲ್ಪ ಎತ್ತಬೇಕು. ಆಗ ಅದರ ಎದುರು ಬದಿಯ ಮಲ್ಟಿಫಿಡಸ್ ಬಿಗಿಯಾಗುತ್ತೆ, ಪರೀಕ್ಷಿಸೋರು ಬೆರಳಿಟ್ಟು ನೋಡ್ತಾರೆ. ಗಚ್ಚಿಬೌಲಿಯಲ್ಲಿ ಮಾಡಿದ್ದೂ ಇದನ್ನೇ.

ಈಗ ನನ್ನ ಪ್ರಶ್ನೆ. ಆ 72 ಜನರಿಗೂ ಸೂಜಿ ಚುಚ್ಚಲಾಯ್ತು. ಚುಚ್ಚದೇ ಇದ್ದವರು ಯಾರೂ ಇಲ್ಲ. ಕೈ ಎತ್ತಿದಾಗ ನೋವು ಬಂದವರು ಒಂದು ವಾರದಲ್ಲಿ ಸುಧಾರಿಸಿದ್ರು, ಸರಿ. ಸೂಜಿ ಇಲ್ಲದೇ ಇದ್ದಿದ್ರೆ ಅವರು ಸುಧಾರಿಸ್ತಿರಲಿಲ್ಲವಾ?

ನಮ್ಮ ಊರ ಕಡೆ ಸೊಂಟ ಉಳುಕಿದ್ರೆ ಕಾಲು ಮುಂದಾಗಿ ಹುಟ್ಟಿದವರ ಹತ್ರ ಕರ್ಕೊಂಡು ಹೋಗ್ತಿದ್ರು, ನಿಮ್ಮಲ್ಲೂ ಹಲವರಿಗೆ ಗೊತ್ತಿರುತ್ತೆ. ಅವರು ಕಾಲಿನಿಂದ ಸೊಂಟಕ್ಕೆ ಮೆತ್ತಗೆ ಒದೀತಾರೆ. ಮೂರ್ನಾಲ್ಕು ದಿನದಲ್ಲಿ ಉಳುಕು ಮಾಯ. ಅವರ ಹತ್ರ ಹೋದ ಬಹುತೇಕರಿಗೆ ವಾಸಿ ಆಗಿದೆ, ಅದರಲ್ಲಿ ಅನುಮಾನ ಇಲ್ಲ. ಯಾಕಂದ್ರೆ ಹೊಸದಾಗಿ ಬಂದ ಸೊಂಟ ನೋವು ಬಹುತೇಕರಿಗೆ ಕೆಲವು ವಾರಗಳಲ್ಲಿ ತಾನಾಗೇ ಇಳಿಯುತ್ತೆ. ಜೊತೆಗೆ, ನೋವು ಯಾವತ್ತೂ ಒಂದೇ ಮಟ್ಟದಲ್ಲಿ ಇರಲ್ಲ, ಏರಿಳಿತ ಇರುತ್ತೆ. ನಾವು ಯಾವಾಗ ಚಿಕಿತ್ಸೆಗೆ ಓಡೋದು? ನೋವು ತುದಿ ಮುಟ್ಟಿದಾಗ. ಹುಬ್ಬಳ್ಳಿಯಿಂದ ಸ್ಲೀಪರ್ ಬಸ್ಸಲ್ಲಿ ರಾತ್ರಿಯೆಲ್ಲ ಕುಲುಕಿಸ್ಕೊಂಡು ಬಂದ ಸೋಮವಾರ ಬೆಳಿಗ್ಗೆ. ತುದಿಯಿಂದ ಮುಂದಿನ ದಾರಿ ಹೆಚ್ಚಾಗಿ ಇಳಿಜಾರೇ. ಆ ಹೊತ್ತಿಗೆ ಒದ್ದವರಿಗೂ ಹೆಸರು ಬರುತ್ತೆ, ಸೂಜಿಗೂ ಹೆಸರು ಬರುತ್ತೆ. ಅಂಕಿಅಂಶದವರು ಇದಕ್ಕೆ ಸರಾಸರಿಯ ಕಡೆಗೆ ಮರಳೋದು ಅಂತಾರೆ, ಫ್ರಾನ್ಸಿಸ್ ಗಾಲ್ಟನ್ 19ನೇ ಶತಮಾನದಲ್ಲೇ ಗುರುತಿಸಿದ ವಿಷಯ.

ಇದು ಮುನ್ಸೂಚನೆಯನ್ನ ಹೇಗೆ ಹಾಳು ಮಾಡುತ್ತೆ ಅಂತ ಒಂದು ಲೆಕ್ಕದಲ್ಲಿ ತೋರಿಸ್ತೀನಿ. ಸಂಖ್ಯೆಗಳು ವಿವರಣೆಗೆ ನಾನೇ ಹಾಕಿದ್ದು, ಯಾವ ಅಧ್ಯಯನದ್ದೂ ಅಲ್ಲ. ಎರಡು ಥರದ ಜನ ಇದ್ದಾರೆ ಅಂದುಕೊಳ್ಳಿ. ಮೊದಲನೇ ಗುಂಪು, ನೋವು ಶುರುವಾಗಿ ಎರಡು ವಾರ ಆದ ನೂರು ಜನ. ಸೂಜಿ ಚುಚ್ಚಿದ್ರೆ 80 ಜನ ಸುಧಾರಿಸ್ತಾರೆ. ಚುಚ್ಚದೇ ಬಿಟ್ಟಿದ್ರೂ 75 ಜನ ಸುಧಾರಿಸ್ತಿದ್ರು. ಎರಡನೇ ಗುಂಪು, ಎರಡು ವರ್ಷದಿಂದ ನರಳ್ತಿರೋ ನೂರು ಜನ. ಚುಚ್ಚಿದ್ರೆ 40 ಜನ ಸುಧಾರಿಸ್ತಾರೆ, ಚುಚ್ಚದಿದ್ರೆ 20.

ಎಲ್ಲರಿಗೂ ಸೂಜಿ ಚುಚ್ಚಿ ನೋಡೋ ಅಧ್ಯಯನದ ಕಣ್ಣಿಗೆ ಬೀಳೋದು 80 ಮತ್ತು 40 ಮಾತ್ರ. ಅದರ ತೀರ್ಮಾನ: "ಹೊಸ ನೋವಿನವರಿಗೆ ಸೂಜಿ ಚೆನ್ನಾಗಿ ಹಿಡಿಸುತ್ತೆ." ಆದರೆ ಸೂಜಿಯಿಂದ ನಿಜವಾಗಿ ಗಿಟ್ಟಿದ್ದು ಮೊದಲ ಗುಂಪಿಗೆ ನೂರಕ್ಕೆ 5, ಎರಡನೇ ಗುಂಪಿಗೆ 20. ತೀರ್ಮಾನ ಪೂರ್ತಿ ತಲೆಕೆಳಗು. ಮಾಡೆಲ್‌ನ ಅಕ್ಯುರೆಸಿ ಎಷ್ಟೇ ಹೆಚ್ಚಿರಲಿ, ಅದು ಕಲಿತದ್ದು "ಯಾರು ವಾಸಿ ಆಗ್ತಾರೆ" ಅಂತ. ನಮಗೆ ಬೇಕಿದ್ದದ್ದು "ಯಾರು ಸೂಜಿಯಿಂದ ವಾಸಿ ಆಗ್ತಾರೆ" ಅಂತ. ಮೊದಲನೆಯದು ರೋಗದ ಮುನ್ನೋಟ, ಎರಡನೆಯದು ಚಿಕಿತ್ಸೆಯ ಲಾಭದ ಮುನ್ನೋಟ. ಕನ್ನಡದಲ್ಲಿ ಎರಡಕ್ಕೂ "ಯಾರಿಗೆ ಗುಣ ಆಗುತ್ತೆ" ಅಂದುಬಿಡ್ತೀವಿ, ಗೊಂದಲ ಅಲ್ಲೇ ಶುರು.

ಆನ್‌ಲೈನ್ ವ್ಯಾಪಾರದ ಕಡೆ ಕೆಲಸ ಮಾಡೋರಿಗೆ ಇದು ಹಳೇ ಕಥೆ. ಊಟದ ಆ್ಯಪ್‌ನಲ್ಲಿ ಕೂಪನ್ ಯಾರಿಗೆ ಕಳಿಸಬೇಕು? ಕೂಪನ್ ಕಳಿಸಿದಾಗ ಆರ್ಡರ್ ಮಾಡಿದವರನ್ನ ನೋಡಿ ಮಾಡೆಲ್ ಕಟ್ಟಿದ್ರೆ, ಅದು ದಿನಾ ರಾತ್ರಿ ಒಂಬತ್ತಕ್ಕೆ ಬಿರಿಯಾನಿ ತರಿಸೋನನ್ನೇ ಹುಡುಕಿ ಕೊಡುತ್ತೆ. ಅವನು ಕೂಪನ್ ಇಲ್ಲದಿದ್ರೂ ತರಿಸ್ತಿದ್ದ. ಕಂಪನಿಗೆ ನಷ್ಟ. ಅದಕ್ಕೇ ಒಂದಿಷ್ಟು ಜನರನ್ನ ಚೀಟಿ ಎತ್ತಿದ ಹಾಗೆ ಆರಿಸಿ, ಅವರಿಗೆ ಕೂಪನ್ ಕೊಡದೇ ಬಿಟ್ಟು, ವ್ಯತ್ಯಾಸದ ಮೇಲೆ ಮಾಡೆಲ್ ಕಟ್ತೀವಿ. ಅದಕ್ಕೆ ಅಪ್‌ಲಿಫ್ಟ್ ಮಾಡೆಲ್ ಅಂತ ಹೆಸರು. ಕೂಪನ್‌ಗೆ ಮಾಡೋ ಇಷ್ಟು ಎಚ್ಚರಿಕೆಯನ್ನ ಸೊಂಟಕ್ಕೆ ಮಾಡೋದು ಬೇಡವಾ?

ಕೊಪೆನ್‌ಹೇವರ್ ತಂಡದವರ ಬಗ್ಗೆ ಒಂದು ಮಾತು ಹೇಳ್ಲೇಬೇಕು. ಅವರು ಮಾಡಿದ್ದು ಮೊದಲ ಹೆಜ್ಜೆ, ಸುಧಾರಣೆಯ ಜೊತೆ ಸಂಬಂಧ ಇರೋ ಲಕ್ಷಣಗಳನ್ನ ಜರಡಿ ಹಿಡಿಯೋದು. ಶೀರ್ಷಿಕೆಯಲ್ಲೂ "ಸುಧಾರಣೆಯೊಂದಿಗೆ ಸಂಬಂಧ" ಅನ್ನೋ ಮಾತೇ ಇದೆ, "ಸೂಜಿಯಿಂದ" ಅಂತಿಲ್ಲ. ಲೇಖನದಿಂದ ಕ್ಲಿನಿಕ್ಕಿನ ಮೇಜಿಗೆ ಬರೋ ದಾರಿಯಲ್ಲಿ ಆ ಸೂಕ್ಷ್ಮ ಕಳೆದುಹೋಗಿ ಪ್ಯಾಕೇಜ್ ಉಳ್ಕೊಂಡಿದೆ.

ಇನ್ನೊಂದು ತೊಂದರೆ ನಮ್ಮ ಡೇಟಾದವರಿಗೆ ಕಣ್ಣಿಗೆ ಹೊಡೆಯೋದು. 72 ಸಾಲು, ಆದರೆ ಕಾಲಮ್‌ಗಳು ಡಜನ್‌ಗಟ್ಟಲೆ. ವಯಸ್ಸು, ತೂಕ, ಎಷ್ಟು ದಿನದ ನೋವು, ಬಗ್ಗಿದರೆ ಹೇಗೆ, ನಿಂತರೆ ಹೇಗೆ, ಭಯ ಎಷ್ಟು. ನೀವೇ ಪೈಥಾನ್‌ನಲ್ಲಿ ಐದು ಸಾಲು ಬರೆದು ನೋಡಿ: 72 ಸಾಲು, 40 ಕಾಲಮ್, ಎಲ್ಲಾ ಬರೀ ರ‍್ಯಾಂಡಮ್ ಸಂಖ್ಯೆ, ಫಲಿತಾಂಶದ ಕಾಲಮ್ಮೂ ರ‍್ಯಾಂಡಮ್. ಒಂದೊಂದಾಗಿ ಪರೀಕ್ಷಿಸಿದ್ರೆ, ಶೇ. 5ರ ಗೆರೆ ಇಟ್ಟಾಗ, ಸರಾಸರಿ ಎರಡು ಕಾಲಮ್ "ಮಹತ್ವದ್ದು" ಅಂತ ತೇಲಿ ಬರುತ್ತೆ. ಕನಿಷ್ಠ ಒಂದಾದ್ರೂ ಬರೋ ಸಾಧ್ಯತೆ ಶೇ. 87ರ ಹತ್ರ. ಅದಕ್ಕೇ ಒಂದು ಅಧ್ಯಯನದಲ್ಲಿ ಸಿಕ್ಕ ಲಕ್ಷಣವನ್ನ ಬೇರೆ ಊರಿನ, ಬೇರೆ ಜನರ ಮೇಲೆ ಮತ್ತೆ ಪರೀಕ್ಷಿಸೋವರೆಗೂ ನಂಬೋದು ಕಷ್ಟ.

ಸೂಜಿ ಚುಚ್ಚಿಸ್ಕೊಂಡವರಿಗೆ ಗೊತ್ತಿರುತ್ತೆ, ಸರಿಯಾದ ಜಾಗಕ್ಕೆ ತಾಗಿದಾಗ ಸ್ನಾಯು ಒಮ್ಮೆ ಸೆಟೆದು ಜಿಗಿಯುತ್ತೆ. "ಹಾಂ, ಸಿಕ್ತು ನೋಡಿ" ಅಂತ ಫಿಸಿಯೋ ಖುಷಿ ಪಡ್ತಾರೆ. ಇದೇ ಬಳಗದವರು ಇದನ್ನೂ ಪರೀಕ್ಷಿಸಿದ್ರು. ಜಿಗಿತ ಬಂದವರಲ್ಲಿ ಸ್ನಾಯುವಿನ ಕೆಲಸ ಆ ಕ್ಷಣಕ್ಕೆ ಚೆನ್ನಾಗಿತ್ತು. ಒಂದು ವಾರದ ನಂತರ ಆ ವ್ಯತ್ಯಾಸ ಉಳಿದಿರಲಿಲ್ಲ. ನೋವು, ದಿನದ ಕೆಲಸದ ಅಂಕದಲ್ಲಿ ಜಿಗಿತ ಬಂದವರಿಗೂ ಬಾರದವರಿಗೂ ವ್ಯತ್ಯಾಸ ಕಾಣಲಿಲ್ಲ.

ಸೂಜಿಯ ಪಕ್ಕದ ಓಣಿಯಲ್ಲೇ ಈ ಮುನ್ಸೂಚನೆಯ ಆಟವನ್ನ ಕೊನೆವರೆಗೂ ಆಡಿ ನೋಡಿದ್ದಾರೆ. ಬೆನ್ನನ್ನ ಲಟಕ್ ಅಂತ ತಿರುಗಿಸೋ ಚಿಕಿತ್ಸೆ ಇದೆಯಲ್ಲ, ಮ್ಯಾನಿಪ್ಯುಲೇಷನ್, ಅದರಲ್ಲಿ. 2002ರಲ್ಲಿ ಟಿಮೊಥಿ ಫ್ಲಿನ್ ಮತ್ತು ಸಂಗಡಿಗರು 71 ಜನರನ್ನ ನೋಡಿ ಐದು ಲಕ್ಷಣಗಳ ನಿಯಮ ಮಾಡಿದ್ರು. ನೋವು ಬಂದು 16 ದಿನಕ್ಕಿಂತ ಕಡಿಮೆ, ಮೊಣಕಾಲಿನ ಕೆಳಗೆ ನೋವು ಇಳಿದಿಲ್ಲ, ಕೆಲಸಕ್ಕೆ ಹೋದ್ರೆ ಜಾಸ್ತಿಯಾಗುತ್ತೆ ಅನ್ನೋ ಭಯ ಕಡಿಮೆ, ಬೆನ್ನಿನ ಒಂದು ಕಡೆ ಬಿಗಿ, ಒಂದಾದರೂ ಸೊಂಟದ ಕೀಲು 35 ಡಿಗ್ರಿಗಿಂತ ಹೆಚ್ಚು ಒಳಕ್ಕೆ ತಿರುಗುತ್ತೆ. ಐದರಲ್ಲಿ ನಾಲ್ಕಿದ್ರೆ ಗೆಲುವಿನ ಸಾಧ್ಯತೆ ಶೇ. 45ರಿಂದ 95ಕ್ಕೆ ಏರುತ್ತೆ ಅಂದ್ರು. ಇಲ್ಲೂ ಹೋಲಿಕೆ ಗುಂಪಿಲ್ಲ. ಮೊದಲ ಎರಡು ಲಕ್ಷಣ ನೋಡಿ. ಹೊಸ ನೋವು, ಕಾಲಿಗೆ ಇಳಿಯದ ನೋವು. ಇವರು ಏನೂ ಮಾಡದಿದ್ರೂ ಬೇಗ ವಾಸಿ ಆಗೋರೇ!

ಆದರೆ ಅವರು ಅಲ್ಲಿಗೇ ನಿಲ್ಲಿಸಲಿಲ್ಲ, ಅದು ಮೆಚ್ಚಬೇಕಾದ್ದು. 2004ರಲ್ಲಿ ಜಾನ್ ಚೈಲ್ಡ್ಸ್ ಮುಂದಾಳತ್ವದಲ್ಲಿ 131 ಜನರನ್ನ ಚೀಟಿ ಎತ್ತಿ ಎರಡು ಗುಂಪು ಮಾಡಿದ್ರು. ಒಂದಕ್ಕೆ ಮ್ಯಾನಿಪ್ಯುಲೇಷನ್ ಜೊತೆ ವ್ಯಾಯಾಮ, ಇನ್ನೊಂದಕ್ಕೆ ಬರೀ ವ್ಯಾಯಾಮ. ನಿಯಮಕ್ಕೆ ಹೊಂದುವವರಲ್ಲಿ ಮ್ಯಾನಿಪ್ಯುಲೇಷನ್ ಸಿಕ್ಕವರಿಗೆ ನಿಜಕ್ಕೂ ಹೆಚ್ಚು ಲಾಭ ಕಂಡಿತು. ನಿಯಮ ಗೆದ್ದಿತು ಅಂತ ಎಲ್ಲರೂ ಅಂದುಕೊಂಡಾಗ 2008ರಲ್ಲಿ ಸಿಡ್ನಿಯಿಂದ ಮಾರ್ಕ್ ಹ್ಯಾನ್‌ಕಾಕ್ ತಂಡದ ಫಲಿತಾಂಶ ಬಂತು. ಸುಮಾರು 240 ಜನ, ನಿಜವಾದ ಚಿಕಿತ್ಸೆ ಒಂದು ಕಡೆ, ಹುಸಿ ಚಿಕಿತ್ಸೆ ಇನ್ನೊಂದು ಕಡೆ. ನಿಯಮ ನಾಣ್ಯ ಚಿಮ್ಮೋದಕ್ಕಿಂತ ಮೇಲಿರಲಿಲ್ಲ. ಸಿಡ್ನಿಯಲ್ಲಿ ಹೆಚ್ಚಿನವರಿಗೆ ಕೊಟ್ಟಿದ್ದು ಲಟಕ್ ಅನ್ನಿಸೋ ಮ್ಯಾನಿಪ್ಯುಲೇಷನ್ ಅಲ್ಲ, ನಿಧಾನದ ಮೊಬಿಲೈಸೇಷನ್, ಹಾಗಾಗಿ ಹೋಲಿಕೆ ಸರಿಯಲ್ಲ ಅಂತ ವಾದ ಎದ್ದಿತು. ಆ ವಾದದಲ್ಲಿ ಹುರುಳಿದೆ. ಆದರೂ ಒಂದು ಕಡೆ ಟ್ರೇನ್ ಮಾಡಿದ ಮಾಡೆಲ್ ಇನ್ನೊಂದು ಕಡೆ ಪ್ರೊಡಕ್ಷನ್‌ಗೆ ಹಾಕಿದಾಗ ಕುಸಿಯೋದು ನಮಗೇನು ಹೊಸದಾ?

ಡ್ರೈ ನೀಡ್ಲಿಂಗ್‌ನ ಲಿಫ್ಟ್ ಟೆಸ್ಟ್ ನಿಂತಿರೋದು ಈ ಕಥೆಯ 2002ರ ಹಂತದಲ್ಲಿ. ಮುಂದಿನ ಎರಡು ಹಂತ ದಾಟದೇ "ನಿಮಗೆ ಹಿಡಿಸುತ್ತೆ" ಅನ್ನೋದು ಅವಸರದ ಮಾತು.

ದಾಟೋದು ಯಾಕೆ ಕಷ್ಟ ಅಂದ್ರೆ ಸಂಖ್ಯೆ. ಚಿಕಿತ್ಸೆಯ ಸರಾಸರಿ ಪರಿಣಾಮ ಹಿಡಿಯೋಕೆ ಎಷ್ಟು ಜನ ಬೇಕೋ, ಅಷ್ಟೇ ದೊಡ್ಡ ವ್ಯತ್ಯಾಸ ಎರಡು ಥರದ ರೋಗಿಗಳ ನಡುವೆ ಇದೆಯಾ ಅಂತ ಹಿಡಿಯೋಕೆ ಅದರ ನಾಲ್ಕು ಪಟ್ಟು ಜನ ಬೇಕು. ವ್ಯತ್ಯಾಸ ಅದರ ಅರ್ಧದಷ್ಟೇ ಇದ್ರೆ ಹದಿನಾರು ಪಟ್ಟು. ಡ್ರೈ ನೀಡ್ಲಿಂಗ್‌ನಲ್ಲಿ ಅಷ್ಟು ದೊಡ್ಡ ಪ್ರಯೋಗ ಬಂದಿಲ್ಲ, ಅಕ್ಕನ ಮನೆ ಅಕ್ಯುಪಂಕ್ಚರ್‌ನಲ್ಲಿ ಬಂದಿದೆ. ಜರ್ಮನಿಯ 2007ರ ಗೆರಾಕ್ ಪ್ರಯೋಗದಲ್ಲಿ ದೀರ್ಘಕಾಲದ ಸೊಂಟ ನೋವಿನ 1,162 ಜನ ಇದ್ರು. ಆರು ತಿಂಗಳಿಗೆ ಸುಧಾರಿಸಿದವರು: ಸರಿಯಾದ ಜಾಗಕ್ಕೆ ಸೂಜಿ ಚುಚ್ಚಿಸ್ಕೊಂಡವರಲ್ಲಿ ಶೇ. 47.6, ಬೇಕಂತಲೇ ಬೇರೆ ಜಾಗದಲ್ಲಿ ಮೇಲ್ಮೇಲೆ ಚುಚ್ಚಿಸ್ಕೊಂಡವರಲ್ಲಿ ಶೇ. 44.2, ಮಾಮೂಲಿ ಔಷಧ, ಫಿಸಿಯೋ, ವ್ಯಾಯಾಮದವರಲ್ಲಿ ಶೇ. 27.4.

ಈ ಮೂರು ಸಂಖ್ಯೆಗಳನ್ನ ನಾನು ಬಹಳ ಹೊತ್ತು ನೋಡ್ತಾ ಕೂತಿದ್ದೆ. ಸೂಜಿ ಅನ್ನೋ ಅನುಭವಕ್ಕೆ ಬೆಲೆ ಇದೆ, ಮಾಮೂಲಿ ಚಿಕಿತ್ಸೆಗಿಂತ ಎಷ್ಟೋ ಮೇಲೆ. ಆದರೆ ಎಲ್ಲಿ ಚುಚ್ಚಿದ್ರು ಅನ್ನೋದರಿಂದ ಬಂದ ವ್ಯತ್ಯಾಸ ಮೂರೂವರೆಗೂ ಕಡಿಮೆ. ಹಾಗಿದ್ದಾಗ ಯಾವ ಸ್ನಾಯು ದುರ್ಬಲ, ಯಾವ ಟೆಸ್ಟ್‌ನಲ್ಲಿ ನೋವು ಅಂತ ನೋಡಿ ಲಾಭ ಪಡೆಯೋರನ್ನ ಆರಿಸ್ತೀವಿ ಅನ್ನೋದಕ್ಕೆ ಎಷ್ಟು ಜಾಗ ಉಳಿಯುತ್ತೆ? ನನ್ನ ಅಂದಾಜಿನಲ್ಲಿ ತುಂಬಾ ಕಮ್ಮಿ. ಆಮೇಲೆ 39 ಪ್ರಯೋಗಗಳ 20,000ಕ್ಕೂ ಹೆಚ್ಚು ರೋಗಿಗಳ ಡೇಟಾ ಒಟ್ಟು ಸೇರಿಸಿದ ಗುಂಪಿನವರು ಇದೇ ಪ್ರಶ್ನೆ ಕೇಳಿದ್ರು: ಅಕ್ಯುಪಂಕ್ಚರ್‌ನಿಂದ ಯಾರಿಗೆ ಹೆಚ್ಚು ಲಾಭ? ಅಷ್ಟು ದೊಡ್ಡ ರಾಶಿ ಸೋಸಿ ಸಿಕ್ಕಿದ್ದು ಮುಖ್ಯವಾಗಿ ಒಂದು ಸುಳಿವು. ಶುರುವಿನಲ್ಲೇ ನೋವು ತೀವ್ರ ಇದ್ದವರಿಗೆ ಸ್ವಲ್ಪ ಹೆಚ್ಚು ಲಾಭ ಇರಬಹುದು. ಅಷ್ಟೇ.

ಹಾಗಾದ್ರೆ ಹದಿನೈದು ಸಾವಿರ ಕಟ್ಟೋದಾ? ನನ್ನ ಉತ್ತರ: ಸೂಜಿ ಬೇಡ ಅಂತಲ್ಲ, ಹತ್ತು ಸಿಟ್ಟಿಂಗ್‌ಗೆ ಮುಂಗಡ ಬೇಡ. ಬೇಕಿದ್ರೆ ಒಂದು ಅಥವಾ ಎರಡಕ್ಕೆ ಕೊಟ್ಟು ನೋಡಿ. ಹೋಗೋದಕ್ಕೆ ಮೊದಲು ಎರಡು ವಾರ, ದಿನಾ ಒಂದೇ ಹೊತ್ತಿಗೆ, ನೋವಿಗೆ ಹತ್ತಕ್ಕೆ ಅಂಕ ಬರೆದಿಡಿ, ನಿಮ್ಮ ಏರಿಳಿತ ಎಷ್ಟು ಅಂತ ಗೊತ್ತಾಗ್ಲಿ. ಜೊತೆಗೆ ನಿಮಗೆ ಮುಖ್ಯವಾದ ಒಂದು ಕೆಲಸ ಆರಿಸ್ಕೊಳ್ಳಿ. ಸ್ಟ್ಯಾಂಡಪ್ ಮೀಟಿಂಗ್‌ನಲ್ಲಿ ನಿಲ್ಲೋದೋ, ಮಗುವನ್ನ ಎತ್ತಿಕೊಳ್ಳೋದೋ. ಎಷ್ಟು ಸುಧಾರಿಸಿದ್ರೆ ಮುಂದುವರಿಸ್ತೀನಿ ಅಂತ ಮೊದಲೇ ಬರೆದಿಟ್ಟು, ಫಿಸಿಯೋಗೂ ಹೇಳಿ. ಒಳ್ಳೇ ಫಿಸಿಯೋ ಆದ್ರೆ ಬೇಜಾರು ಮಾಡಿಕೊಳ್ಳಲ್ಲ. ಇದರಿಂದ ಸೂಜಿಯೇ ಕೆಲಸ ಮಾಡ್ತು ಅಂತ ಸಾಬೀತಾಗಲ್ಲ, ಒಬ್ಬರ ಮೇಲೆ ಹೋಲಿಕೆ ಗುಂಪು ಕಟ್ಟೋಕಾಗಲ್ಲ. ಕೆಲಸ ಮಾಡದ್ದಕ್ಕೆ ದುಡ್ಡು ಸುರಿಯೋದಾದ್ರೂ ತಪ್ಪುತ್ತೆ. ನಡಿಗೆ, ವ್ಯಾಯಾಮ ಮಾತ್ರ ಸೂಜಿ ಇದ್ರೂ ಇಲ್ಲದಿದ್ರೂ ಬಿಡಬೇಡಿ. ಸೂಜಿಯಿಂದ ಎರಡು ದಿನ ನೋವು ಇಳಿದ್ರೆ ಆ ಎರಡು ದಿನ ಸೋಫಾ ಮೇಲೆ ಕಳೆಯದೇ ನಡೆಯೋಕೆ ಬಳಸಿ.

ಚುಚ್ಚಿಸ್ಕೊಳ್ಳೋ ಮುಂಚೆ, ರಕ್ತ ತೆಳುವಾಗಿಸೋ ಮಾತ್ರೆ ತಗೊಳ್ತಿದ್ರೆ, ಗರ್ಭಿಣಿ ಆಗಿದ್ರೆ ಹೇಳಿ. ಸೂಜಿ ಪ್ಯಾಕೆಟ್ ನಿಮ್ಮೆದುರೇ ಒಡೆಯಬೇಕು. ಒಂದೆರಡು ದಿನ ಸ್ನಾಯು ನೋವು, ಚೂರು ರಕ್ತ ಕಂದೋದು ಮಾಮೂಲು. ಮೇಲ್ಬೆನ್ನು, ಭುಜದ ಹತ್ರ ಚುಚ್ಚುವಾಗ ಅಪರೂಪಕ್ಕೆ ಶ್ವಾಸಕೋಶದ ಪೊರೆಗೆ ತಾಗೋ ಅಪಾಯ ಇದೆ, ಅಲ್ಲಿ ಅನುಭವಸ್ಥರೇ ಆಗ್ಬೇಕು.

ಸೊಂಟ ನೋವಿನ ಜೊತೆ ಮೂತ್ರ ಕಟ್ಟಿದ್ರೆ ಅಥವಾ ಹಿಡಿತ ತಪ್ಪಿದ್ರೆ, ತೊಡೆಸಂದಿಯ ಸುತ್ತ ಮರಗಟ್ಟಿದ್ರೆ, ಕಾಲಿನ ಶಕ್ತಿ ದಿನದಿಂದ ದಿನಕ್ಕೆ ಕುಂದ್ತಿದ್ರೆ, ಯಾವ ಟೆಸ್ಟೂ, ಸೂಜಿನೂ, ಪ್ಯಾಕೇಜೂ ಬೇಡ. ಅದೇ ದಿನ ಎಮರ್ಜೆನ್ಸಿ ಇರೋ ಆಸ್ಪತ್ರೆಗೆ ಹೋಗಿ. ಜ್ವರ, ಕಾರಣವಿಲ್ಲದೆ ತೂಕ ಇಳಿಯೋದು, ಹಿಂದೆ ಕ್ಯಾನ್ಸರ್ ಆಗಿದ್ದು, ಇವಿದ್ರೆ ಫಿಸಿಯೋಗಿಂತ ಮೊದಲು ಡಾಕ್ಟರ್.